ನೀವೇ ಇರಬಹುದು

ನಮ್ಮೂರಿನ ನರ್ಸುಗಳ ಮನೆಯಲ್ಲಿ ನಿಂಬೆಹಣ್ಣಿನ ಉಪ್ಪಿನಕಾಯಿಗೆ ಬರ ಬಂದದ್ದನ್ನು ನಾನು ನೋಡಿಲ್ಲ. ಮೂವತ್ತೊಂದು ವರ್ಷ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದಿದವನು ನಾನು. ಯಾರ ಮನೆಯ ನಾಯಿ ಕಚ್ಚುತ್ತದೆ, ಯಾರದು ಬರೀ ಬೊಗಳುತ್ತದೆ, ಯಾರ ಅಡುಗೆಮನೆಯಲ್ಲಿ ಎಷ್ಟು ಭರಣಿ ಇವೆ ಎಂದು ಈಗಲೂ ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಗೋಡೆಯುದ್ದಕ್ಕೂ ಉಪ್ಪಿನಕಾಯಿ ಭರಣಿ ಸಾಲಾಗಿ ಕೂತಿವೆ ಎಂದರೆ ಅದು ನರ್ಸಮ್ಮನ ಮನೆ. ಆ ಮನೆಯ ಮಕ್ಕಳು ಉಪ್ಪಿನಕಾಯಿ ಬಡಿಸಲು ಬಂದರೆ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಾರೆ.

ಅಷ್ಟು ನಿಂಬೆಹಣ್ಣು ಎಲ್ಲಿಂದ ಬರುತ್ತದೆ ಎಂದರೆ, ಜನ ಕೊಡುತ್ತಾರೆ. ನಮ್ಮೂರಿನಲ್ಲಿ ಗಾಯ ಪೂರ್ತಿ ಮಾಯ್ದ ದಿನ, ಅದನ್ನು ದಿನಾ ತೊಳೆದು ಪಟ್ಟಿ ಕಟ್ಟಿದವರ ಮುಖ ಮರೆತುಹೋಗುತ್ತದೆ. ಕತ್ತರಿ ಹಿಡಿದು ಕೊಯ್ದ ಡಾಕ್ಟರ ಮುಖ ಮರೆಯುವುದಿಲ್ಲ. ಅವರ ಮನೆಗೆ ಸೇಬಿನ ಬುಟ್ಟಿ ಸರಿಯಾಗಿ ತಲುಪುತ್ತದೆ. ಪಟ್ಟಿ ಕಟ್ಟಿದವರದು ಮಾತ್ರ ಹೋಗುತ್ತದೆ. ಹೆಸರನ್ನು ಬೇಕಾದರೆ ಕಾಗದದಲ್ಲಿ ಬರೆದಿಡಬಹುದು, ಮುಖ ಬರೆದಿಡಲಾಗುವುದಿಲ್ಲ. ಯಾರಾದರೂ ಪಕ್ಕದಲ್ಲಿ ನಿಂತು "ಇವರೇ ಕಣಪ್ಪಾ ನಿನ್ನ ಕಾಲು ನೋಡಿದ್ದು" ಎಂದು ಹೇಳಿಕೊಟ್ಟರೂ ಆ ಮಾತು ಸಂಜೆಯತನಕ ನಿಲ್ಲುವುದಿಲ್ಲ. ಯಾಕೆ ಹೀಗೆ ಎಂದು ನನ್ನನ್ನು ಕೇಳಬೇಡಿ. ಮೀಟರ್ ಎಷ್ಟು ತೋರಿಸುತ್ತದೋ ಅಷ್ಟು ಓದುವುದು ನನ್ನ ಕೆಲಸ, ಅದು ಯಾಕೆ ತಿರುಗಿತು ಎಂದು ಕೇಳುವುದಲ್ಲ.

ಋಣ ಇದೆ, ಆದರೆ ಯಾರದೆಂದು ಗೊತ್ತಿಲ್ಲ ಎಂದರೆ ಮನುಷ್ಯ ಏನು ಮಾಡಬೇಕು? ನಮ್ಮವರು ಜೇಬಿನಲ್ಲೊಂದು ನಿಂಬೆಹಣ್ಣು ಇಟ್ಟುಕೊಂಡು ಓಡಾಡುತ್ತಾರೆ. ಸಂತೆಯಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ಗುರುತಿಲ್ಲದ ಮುಖ ಕಂಡರೆ ಹಣ್ಣನ್ನು ಅವರ ಕೈಗಿಟ್ಟು "ನೀವೇ ಇರಬಹುದು" ಎನ್ನುತ್ತಾರೆ. ಪಡೆದವರು ನರ್ಸಾಗಿರಲಿ, ಬಳೆ ಮಾರುವವರಾಗಿರಲಿ, "ಇರಬಹುದು" ಎಂದು ಹೇಳಿ ತೆಗೆದುಕೊಳ್ಳಬೇಕು. "ನಾನಲ್ಲ" ಎನ್ನುವುದು ನಮ್ಮಲ್ಲಿ ಅಸಭ್ಯತನ. ಪರವೂರಿನಿಂದ ಬಂದವರು ಬಸ್ ಇಳಿದ ಹತ್ತು ನಿಮಿಷಕ್ಕೆ ಎರಡು ಕೈಯಲ್ಲೂ ನಿಂಬೆಹಣ್ಣು ಹಿಡಿದು ಪಿಳಿಪಿಳಿ ಕಣ್ಣು ಬಿಡುವುದನ್ನು ನೋಡಬೇಕು ನೀವು. ನನ್ನ ಬಲಗೈಯಲ್ಲೂ ಮೀಟರ್ ಡಬ್ಬಿಯ ಕಿಡಿ ಹಾರಿ ಸುಟ್ಟ ಕಲೆಯಿದೆ. ಪ್ರತಿ ಸೋಮವಾರ ನಾನೂ ಒಂದು ಹಣ್ಣು ಕೊಡುತ್ತೇನೆ.

ಇಂಥ ಊರಿನಲ್ಲಿ ಒಳ್ಳೆಯ ನರ್ಸಿಗೆ ಪ್ರಶಸ್ತಿ ಕೊಡುವುದು ಎಂದರೆ ತಮಾಷೆಯ ಮಾತಲ್ಲ. ಹಿಂದೆ ಒಂದೆರಡು ವರ್ಷ ಪ್ರಶಸ್ತಿ ಸಮಿತಿಯವರು ಬೇರೆ ಊರಿನವರ ಹಾಗೆ ರೋಗಿಗಳಿಂದ ಪತ್ರ ಬರೆಸಿಕೊಂಡರಂತೆ. ಹೊಗಳಿ ಹೊಗಳಿ ಬಂದ ಪತ್ರಗಳೆಲ್ಲ ಗಾಯ ವಾಸಿಯಾಗದವರವು! ಅರ್ಧಂಬರ್ಧ ಕೆಲಸ ಮಾಡಿದವರಿಗೆ ಶಾಲು ಹೊದಿಸಿದ ಮೇಲೆ ಸಮಿತಿಗೆ ಬುದ್ಧಿ ಬಂತು. ಆಮೇಲೆ ನಿಯಮ ತಿರುಗಿಸಿದರು. ಸುಟ್ಟಗಾಯದ ವಾರ್ಡಿಗೆ ಒಂದು, ಎಳೆಕೂಸುಗಳ ವಾರ್ಡಿಗೆ ಒಂದು, ಹಳೇ ಹುಣ್ಣುಗಳ ಕೋಣೆಗೆ ಒಂದು ಎಂದು ಕೆಲಸಕ್ಕೆ ತಕ್ಕಂತೆ ಬೇರೆ ಬೇರೆ ಪ್ರಶಸ್ತಿ. ಎಳೆಕೂಸುಗಳ ವಾರ್ಡಿನದನ್ನು ಹೇಗೆ ತೀರ್ಮಾನಿಸುತ್ತಾರೋ ದೇವರೇ ಬಲ್ಲ, ಅದು ನನ್ನ ಪಾಲಿನದಲ್ಲ. ಹುಣ್ಣುಗಳ ಕೋಣೆಯ ನರ್ಸಿಗಾದರೆ, ಆಸ್ಪತ್ರೆಯ ಪುಸ್ತಕದಲ್ಲಿ ವಾಸಿ ಎಂದು ಬರೆದ ನಲವತ್ತು ಜನರನ್ನು ಹುಡುಕಿ ಫೋಟೋ ತೋರಿಸಬೇಕು. ನಲವತ್ತೂ ಜನ "ಯಾರೋ ಗೊತ್ತಿಲ್ಲ" ಎನ್ನಬೇಕು. ಒಬ್ಬರು ಗುರುತಿಸಿದರೂ ಆ ವರ್ಷಕ್ಕೆ ಹೆಸರು ರದ್ದು. ಫೋಟೋ ತೋರಿಸಲು ಮನೆಮನೆ ತಿರುಗುವವರು ಬೇಕಲ್ಲ, ನಿವೃತ್ತನಾಗಿ ಜಗುಲಿಯ ಮೇಲೆ ಕೂತು ಹೆಂಡತಿಯ ಕೈಯಲ್ಲಿ ಬೈಸಿಕೊಳ್ಳುತ್ತಿದ್ದ ನನ್ನನ್ನು ಕರೆದರು. ನನಗೂ ನಾಯಿಗಳನ್ನು ನೋಡಿ ಬಹಳ ದಿನವಾಗಿತ್ತು.

ಆ ವರ್ಷ ನನಗೆ ಕೊಟ್ಟ ಹೆಸರು ಸಿಸ್ಟರ್ ಸರ್ವಮಂಗಳ ಅವರದು. ಇಪ್ಪತ್ತಾರು ವರ್ಷದಿಂದ ಹಳೇ ಹುಣ್ಣುಗಳ ಕೋಣೆಯಲ್ಲಿದ್ದವರು. ಸಕ್ಕರೆ ಕಾಯಿಲೆಯವರ ಕಾಲು, ಹಾಸಿಗೆ ಹಿಡಿದವರ ಬೆನ್ನು, ಉಳಿದವರು ಮೂಗು ಮುಚ್ಚಿಕೊಂಡು ಆಚೆ ಹೋಗುವಂಥದೆಲ್ಲ ಅವರ ಬಳಿಗೆ ಬರುತ್ತದೆ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಆತನ ಬೆರಳಿಗೆ ಸ್ಪ್ಯಾನರ್ ತಾಗಿ ರಕ್ತ ಸೋರಿದರೂ ಸಿಸ್ಟರ್ ಮುಟ್ಟುವುದಿಲ್ಲ. "ಪಕ್ಕದ ಮನೆಗೆ ಹೋಗ್ರಿ, ನಾಳೆ ನಾನ್ಯಾರು ಅಂತ ಕೇಳಬ್ಯಾಡ್ರಿ" ಎಂದು ಅಟ್ಟುತ್ತಾರೆ. ನಾನು ಹೋದ ದಿನ ಸೋಮವಾರ. ಜೇಬಿನ ಹಣ್ಣು ತೆಗೆದು "ನೀವೇ ಇರಬಹುದು" ಎಂದೆ. "ಇರಬಹುದು" ಎಂದು ನಗುತ್ತಾ ತೆಗೆದುಕೊಂಡು ಬುಟ್ಟಿಗೆ ಹಾಕಿದರು. ಬುಟ್ಟಿ ತುಂಬಿ ಒಂದು ಹಣ್ಣು ಕೆಳಗುರುಳಿತು.

"ಸಿಸ್ಟರ್, ನಿಮಗೆ ಈ ಪ್ರಶಸ್ತಿ ಮೇಲೆ ಆಸೆ ಐತೋ ಇಲ್ಲೋ? ಕೆಲವರು ಬ್ಯಾಡ ಬ್ಯಾಡ ಅಂತಾರೆ" ಎಂದು ಕೇಳಿದೆ.

"ಐತೆ ಕರಿಬಸಪ್ಪಣ್ಣ, ಸುಳ್ಳು ಯಾಕೆ ಹೇಳ್ಲಿ?" ಎಂದರು. "ನನ್ನ ಕೈಯಾಗೆ ವಾಸಿ ಆದೋರು ಎದುರಿಗೆ ಬಂದ್ರೆ ದಾರಿ ಬಿಟ್ಟು ಹೋಗ್ತಾರೆ, ಯಾರೋ ಹೆಂಗಸು ಅಂತ. ಅದು ಸರಿನೇ, ಹಂಗೇ ಆಗ್ಬೇಕು. ಆದ್ರೂ ಇಪ್ಪತ್ತಾರು ವರ್ಷ ಏನು ಮಾಡ್ದೆ ಅಂತ ಒಂದು ಕಾಗದ ಹೇಳ್ಬೇಕಲ್ಲ? ಇನ್ನೆರಡು ವರ್ಷಕ್ಕೆ ರಿಟೈರ್ ಆಗ್ತೀನಿ. ಆ ಬೆಳ್ಳಿ ಕತ್ತರಿ ಗಾಜಿನ ಪೆಟ್ಟಿಗೆಯಾಗೆ ಇಟ್ಕೊಂಡು ದಿನಾ ಒರೆಸ್ಬೇಕು ಅಂತ ನಂಗೆ."

ಪ್ರಶಸ್ತಿ ಎಂದರೆ ಪಟ್ಟಿ ಕತ್ತರಿಸುವ ಕತ್ತರಿಯದೇ ಆಕಾರದ, ಬೆಳ್ಳಿ ಲೇಪದ ಒಂದು ಕತ್ತರಿ. ಜೊತೆಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಇದ್ದೇ ಇರುತ್ತದೆ. ಬುಟ್ಟಿಯಲ್ಲಿ ನಿಂಬೆಹಣ್ಣು ಮಾತ್ರ ಹಾಕಬಾರದು ಎಂದು ನರ್ಸುಗಳ ಸಂಘ ಠರಾವು ಮಾಡಿಸಿದೆ.

ಫೋಟೋ ತೆಗೆಯುವುದಕ್ಕೂ ಒಂದು ಕ್ರಮವಿತ್ತು. ಕಾಲಿನ ಹುಣ್ಣಿನವರು ನರ್ಸಿನ ಮುಖವನ್ನು ಎದುರಿನಿಂದ ಎಷ್ಟು ನೋಡಿಯಾರು? ಅವರು ದಿನಾ ಕಾಣುವುದು ಬಗ್ಗಿದ ತಲೆ, ಬೈತಲೆ, ಒಂದು ಕಿವಿ. ಅದಕ್ಕೇ ಸ್ಟುಡಿಯೋದವನು ಸ್ಟೂಲು ಹತ್ತಿ ನಿಂತು ಮೇಲಿನಿಂದ ಒಂದು, ಎದುರಿನಿಂದ ಒಂದು ತೆಗೆದ. ಸಿಸ್ಟರ್ ಅಂದು ಎಣ್ಣೆ ಹಚ್ಚಿ ಬಾಚಿಕೊಂಡು ಬಂದಿದ್ದರು. ಬೈತಲೆ ನೇರವಾಗಿ ಬಂತು, ಎಡಗಿವಿಯ ಹಿಂದಿನ ಸಣ್ಣ ಮಚ್ಚೆಯೂ ಬಂತು.

ಹದಿನೈದು ದಿನ ತಿರುಗಿದೆ. ಒಬ್ಬೊಬ್ಬರದು ಒಂದೊಂದು ಮಾತು. ಹೂವಿನ ಅಂಗಡಿಯ ಮುದುಕಿ ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದು, "ಯಾರವ್ವಾ ಇವ್ಳು, ಕೂದ್ಲು ಚೆನ್ನಾಗೈತೆ, ಗಂಡು ನೋಡ್ತಾ ಇದೀರೇನು?" ಎಂದಳು. ಲಾರಿ ಆಫೀಸಿನವರು ಬೈತಲೆಯ ಫೋಟೋವನ್ನು ತಲೆಕೆಳಗು ಮಾಡಿ ನೋಡಿ ಇದು ಯಾವ ಊರಿನ ರಸ್ತೆ ಎಂದು ಕೇಳಿದರು. ಪ್ರತಿ "ಗೊತ್ತಿಲ್ಲ" ಕೇಳಿದಾಗಲೂ ನನಗೆ ಖುಷಿ. ಪುಸ್ತಕದಲ್ಲಿ ಒಂದೊಂದೇ ಗೀಟು ಹಾಕುತ್ತಾ ಹೋದೆ. ಮೂವತ್ತೊಂಬತ್ತಾಯಿತು. ಉಳಿದವರು ಒಬ್ಬರು, ಕೆರೆ ಬಾಗಿಲಿನ ಹಿಟ್ಟಿನ ಗಿರಣಿ ತಿಪ್ಪೇಶಪ್ಪ.

ತಿಪ್ಪೇಶಪ್ಪನ ವಿಷಯ ಊರಿಗೇ ಗೊತ್ತು. ಎರಡು ವರ್ಷದ ಹಿಂದೆ ಸಕ್ಕರೆ ಕಾಯಿಲೆಯಿಂದ ಬಲಗಾಲಿನ ಅಡಿ ಹುಣ್ಣಾಗಿ, ಕಾಲು ತೆಗೆಯಬೇಕು ಎಂಬ ಮಾತು ಬಂದು, ಸಿಸ್ಟರ್ ಆರು ತಿಂಗಳು ತೊಳೆದು ಕಟ್ಟಿ ಉಳಿಸಿಕೊಟ್ಟಿದ್ದರು. ಹುಣ್ಣು ಮುಚ್ಚುವ ಮೊದಲೇ ಆತ ಪೇಂಟರನ್ನು ಕರೆಸಿ ಗಿರಣಿಯ ಗೋಡೆಯ ಮೇಲೆ "ಸಿಸ್ಟರ್ ಸರ್ವಮಂಗಳ. ನನ್ನ ಕಾಲು ಉಳಿಸಿದವರು" ಎಂದು ಕೆಂಪಕ್ಷರದಲ್ಲಿ ಬರೆಸಿಬಿಟ್ಟಿದ್ದ. ಕಾಲು ವಾಸಿಯಾದ ಮೇಲೂ ಪ್ರತಿ ಶುಕ್ರವಾರ ರಾಗಿಹಿಟ್ಟಿನ ಪೊಟ್ಟಣ ಹಿಡಿದು ಆಸ್ಪತ್ರೆಗೆ ಹೋಗುತ್ತಾನೆಂದು ಕೇಳಿದ್ದೆ. ಗೋಡೆ ಓದಿಕೊಂಡು ಹೋಗುತ್ತಾನೆ, ಕಂಡ ನರ್ಸಿಗೆ ಕೊಟ್ಟು ಬರುತ್ತಾನೆ ಎಂದು ಜನ ನಗುತ್ತಿದ್ದರು. ನಾನೂ ಹಾಗೇ ತಿಳಿದಿದ್ದೆ. ಅದಕ್ಕೇ ಹೆಸರು ಹೇಳದೆ, ಗೋಡೆಗೆ ಬೆನ್ನು ಹಾಕಿಸಿ ನಿಲ್ಲಿಸಿ, ಬೈತಲೆಯ ಫೋಟೋವನ್ನೇ ಮೊದಲು ತೋರಿಸಿದೆ.

ಕೈಯ ಹಿಟ್ಟು ಒರೆಸಿಕೊಂಡು ನೋಡಿದ ತಿಪ್ಪೇಶಪ್ಪನ ಮುಖ ಅರಳಿತು. "ನಮ್ಮ ಸಿಸ್ಟರ್ ಅಲ್ವೇನ್ರಿ ಇದು! ಈ ಕಿವಿ ಹಿಂದಿನ ಮಚ್ಚೆ ನೋಡ್ಕೊಂಡೇ ಆರು ತಿಂಗಳು ಹಲ್ಲು ಕಚ್ಕೊಂಡು ಕುಂತಿದ್ದೆ ನಾನು. ಊರೋರೆಲ್ಲ ಮರೀತಾರೆ, ನಾನು ಮರೀಲಿಲ್ಲ ನೋಡ್ರಿ. ದಿನಾ ಬೆಳಿಗ್ಗೆ ದೇವರ ಹೆಸರಿನ ಜೊತಿಗೆ ಅವರ ಹೆಸರು ಹೇಳ್ಕಂತೀನಿ. ಮನಸ್ಸಿದ್ರೆ ಮರೆಯಲ್ಲ ಸ್ವಾಮಿ!"

ಮೂವತ್ತೊಂದು ವರ್ಷದಲ್ಲಿ ಒಂದು ಯೂನಿಟ್ ಹೆಚ್ಚು ಕಡಿಮೆ ಬರೆದವನಲ್ಲ ನಾನು. ಆದರೆ ಆ ದಿನ ಪುಸ್ತಕದ ನಲವತ್ತನೆಯ ಸಾಲಿನ ಮೇಲೆ ಪೆನ್ಸಿಲ್ ಊರಲಿಲ್ಲ. ಒಬ್ಬ ಗಿರಣಿಯವನ ಪ್ರೀತಿಗೆ ಆ ಹೆಣ್ಣುಮಗಳ ಕತ್ತರಿ ಹೋಗುವುದೇ? ನೇರವಾಗಿ ಆಸ್ಪತ್ರೆಗೆ ನಡೆದೆ. ಮಧ್ಯಾಹ್ನದ ಊಟ ಮುಗಿಸಿ ಸಿಸ್ಟರ್ ಗಾಜ್‌ಬಟ್ಟೆ ಮಡಿಸುತ್ತಾ ಕೂತಿದ್ದರು.

"ಸಿಸ್ಟರ್, ತಿಪ್ಪೇಶಪ್ಪ ಗುರುತು ಹಿಡಿದುಬಿಟ್ಟ" ಎಂದೆ. "ನೀವೇನೂ ಯೋಚ್ನೆ ಮಾಡಬ್ಯಾಡ್ರಿ. ಗೋಡೆ ನೋಡಿ ಹೇಳ್ದ, ಗೊತ್ತಿಲ್ಲ ಅಂತಲೇ ಲೆಕ್ಕ ಅಂತ ಬರ್ಕೊಂಡು ಬಿಡ್ತೀನಿ. ನನ್ನ ಬಾಯಿಗೆ ಬೀಗ."

ಅವರ ಕೈ ನಿಂತಿತು. "ಗೋಡೆ ನೋಡಿ ಹೇಳಿದ್ರಾ?"

"ಇಲ್ಲ. ಬೈತಲೆ ನೋಡಿ. ಮಚ್ಚೆ ಐತಲ್ಲ, ಅದನ್ನ ನೋಡಿ."

ಸಿಸ್ಟರ್ ಮಡಿಸಿದ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಿಸಿದರು. ನಾನು ಅವರಿಗೆ ಕತ್ತರಿ ಹೋದ ದುಃಖ ಎಂದುಕೊಂಡೆ. ಆಮೇಲೆ ಅವರು ಹೇಳಿದ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ. "ಶುಕ್ರವಾರ ಶುಕ್ರವಾರ ಬರ್ತಿದ್ರು ಅಣ್ಣ. ಸಿಸ್ಟರ್ ಸರ್ವಮಂಗಳ ಅವ್ರೇ ಅಂತ ಬಾಗಿಲಾಗೆ ನಿಂತು ಕೂಗ್ತಿದ್ರು. ನಂಗೆ ಹಿಗ್ಗು. ಒಬ್ರಾದ್ರೂ ನೆನಪಿಟ್ಕಂಡ್ರಲ್ಲ ಅಂತ ಹಿಗ್ಗು. ಗೋಡೆ ಓದ್ಕೊಂಡು ಬರ್ತಾರೆ ಅಂತ ಎಲ್ಲರ ಹಂಗೆ ನಾನೂ ಅಂದ್ಕೊಂಡೆ, ಅಂದ್ಕೊಳ್ಳೋಕೆ ಇಷ್ಟ ಆತು, ಅಂದ್ಕೊಂಡೆ. ನಾನು ನರ್ಸು ಅಣ್ಣ! ನೆನಪೈತೆ ಅಂದ್ರೆ ಏನರ್ಥ ಅಂತ ನಂಗೆ ಗೊತ್ತಿರಬ್ಯಾಡ್ವಾ?"

ಆಗ ನನಗೂ ಹೊಳೆಯಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಇದು ಅಂಗಾಲಿನ ಹುಣ್ಣು, ಒಂದೂವರೆ ವರ್ಷದಿಂದ ಇಡೀ ಊರಿನ ಕಣ್ಣೆದುರಿಗಿದ್ದರೂ ಯಾರಿಗೂ ಕಂಡಿರಲಿಲ್ಲ. ಸಿಸ್ಟರ್ ಚೀಲ ಹಿಡಿದು ಎದ್ದರು. ಅವರು ನಡೆಯುವ ವೇಗಕ್ಕೆ ನಾನು ಓಡಬೇಕಾಯಿತು.

ಗಿರಣಿಯಲ್ಲಿ ತಿಪ್ಪೇಶಪ್ಪ ಅವರನ್ನು ಕಂಡು ಬೆಲ್ಟು ನಿಲ್ಲಿಸಿ, ಕುರ್ಚಿಯ ಮೇಲಿನ ಹಿಟ್ಟು ಕೊಡವಿ, ಟೀ ತರಿಸುತ್ತೇನೆಂದು ಗಡಿಬಿಡಿ ಮಾಡಿದ. ಸಿಸ್ಟರ್ ಟೀ ಬೇಡವೆಂದು ಅವನನ್ನೇ ಕುರ್ಚಿಯಲ್ಲಿ ಕೂರಿಸಿ ಬಲಗಾಲನ್ನು ತಮ್ಮ ಮಡಿಲಿಗೆ ತೆಗೆದುಕೊಂಡರು. ಅಂಗಾಲು ನುಣ್ಣಗಿತ್ತು. ಕಲೆ ಕೂಡ ಚೆನ್ನಾಗಿ ಕೂಡಿಕೊಂಡಿತ್ತು. ನನ್ನ ಕಣ್ಣಿಗೆ ಅದಕ್ಕಿಂತ ಚೆನ್ನಾಗಿ ವಾಸಿಯಾದ ಕಾಲು ಇರಲಿಲ್ಲ. ಸಿಸ್ಟರ್ ಕಣ್ಣಲ್ಲಿ ನೋಡಲೇ ಇಲ್ಲ. ಅಂಗೈಯ ಹಿಂಬದಿಯನ್ನು ಎಡಗಾಲಿಗೊಮ್ಮೆ ಬಲಗಾಲಿಗೊಮ್ಮೆ ಇಟ್ಟು ಬಿಸಿ ನೋಡಿದರು. ಹೆಬ್ಬೆರಳಿನಿಂದ ಕಲೆಯ ಪಕ್ಕ ಒತ್ತುತ್ತಾ ಬಂದು ಒಂದು ಕಡೆ ನಿಲ್ಲಿಸಿದರು.

"ಇಲ್ಲಿ ನೋವಾಗ್ತದಾ?"

"ನಂಗೆ ಆ ಕಾಲಾಗೆ ಮುಳ್ಳು ಚುಚ್ಚಿದ್ರೂ ತಿಳಿಯಲ್ಲ ಸಿಸ್ಟರ್, ನಿಮಗೆ ಗೊತ್ತಲ್ಲ. ಯಾಕ್ರಿ? ವಾಸಿಯಾಗೈತಲ್ಲ?"

"ಇಲ್ಲ ತಿಪ್ಪೇಶಪ್ಪ" ಎಂದರು ಸಿಸ್ಟರ್. "ಮೇಲೆ ಮುಚ್ಚೈತೆ. ಒಳಗೆ ಕೀವು ಕುಂತೈತೆ. ನೀವು ನನ್ನ ನೆನಪಿಟ್ಕೊಂಡಿದ್ದು ಮನಸ್ಸಿನಿಂದಲ್ಲ."

ಆತನ ಮುಖ ಸಣ್ಣದಾಯಿತು. ಕಾಲಿನ ಚಿಂತೆಗಿಂತ, ತನ್ನ ನೆನಪನ್ನು ಯಾರೋ ಸುಳ್ಳು ಮಾಡಿದರೆಂಬ ಅವಮಾನವೇ ಹೆಚ್ಚಾದಂತಿತ್ತು. ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಕಲೆಯ ಮೇಲೇ ಕೊಯ್ದಾಗ ಒಂದು ಸಣ್ಣ ಲೋಟದಷ್ಟು ಕೀವು ಬಂತಂತೆ. ಮೂಳೆಯ ಅಂಚಿಗೆ ಬಂದು ನಿಂತಿತ್ತು, ಇನ್ನು ಹದಿನೈದು ದಿನ ಹೋಗಿದ್ದರೆ ಕಾಲು ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೊರಗೆ ಬಂದು ಹೇಳಿದರು. ಸಿಸ್ಟರ್ ಗೋಡೆಗೆ ಒರಗಿ ಕಣ್ಣು ಒರೆಸಿಕೊಂಡರು. ಆಮೇಲೆ ನನ್ನ ಪುಸ್ತಕ ತೆಗೆದುಕೊಂಡು ನಲವತ್ತನೆಯ ಸಾಲಿನ ಮೇಲೆ ಬೆರಳಿಟ್ಟು, "ಗುರುತಿಸಿದರು ಅಂತ ಬರೀರಿ" ಎಂದರು. ಬರೆದೆ. ನನ್ನ ಅಕ್ಷರ ಅಷ್ಟು ಕೆಟ್ಟದಾಗಿ ಎಂದೂ ಬಂದಿರಲಿಲ್ಲ.

ಸಮಿತಿಯ ಅಧ್ಯಕ್ಷ ವೀರಭದ್ರಪ್ಪನವರು ಕನ್ನಡಕ ಏರಿಸಿ ಆ ಸಾಲನ್ನು ಎರಡು ಸಲ ಓದಿ, ಛೇ ಎಂದು, ಕೆಂಪು ಶಾಯಿಯಲ್ಲಿ ಸಿಸ್ಟರ್ ಹೆಸರಿನ ಮೇಲೆ ಗೀಟು ಎಳೆದರು. ಆ ವರ್ಷ ಹುಣ್ಣುಗಳ ಕೋಣೆಯ ಕತ್ತರಿ ಅದೇ ಕೋಣೆಯ ರಾತ್ರಿ ಪಾಳಿಯ ನರ್ಸಿಗೆ ಹೋಯಿತು. ಸಭೆಗೆ ಸಿಸ್ಟರ್ ಬಂದು ಮೊದಲ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದರು. ನಾನು ಮಾತ್ರ ಆ ಸಭೆಯ ಕೇಸರಿಬಾತನ್ನು ಹಾಗೇ ಬಿಟ್ಟು ಬಂದೆ.

ಗಾಯ ಯಾವಾಗಲೂ ಅಡಿಯಿಂದ ಮಾಯಬೇಕು, ಅದು ಸಿಸ್ಟರ್ ನನಗೆ ಕಲಿಸಿದ ಪಾಠ. ಮೇಲಿನ ಬಾಯಿ ಬೇಗ ಮುಚ್ಚದಂತೆ ಒಳಗೆ ಗಾಜ್‌ಬಟ್ಟೆಯ ಪಟ್ಟಿ ತುಂಬಿ ಇಡುತ್ತಾರೆ. ದಿನಾ ತೆಗೆದು ತೊಳೆದು, ಒಂದೊಂದು ದಿನ ಒಂದೊಂದು ನೂಲಿನಷ್ಟು ಕಡಿಮೆ ತುಂಬುತ್ತಾರೆ. ಈ ಸಲ ಕಾಲು ಊರಕೂಡದು ಎಂದು ಸಿಸ್ಟರ್ ಕಟ್ಟಪ್ಪಣೆ. ತಿಪ್ಪೇಶಪ್ಪ ಗಿರಣಿಯನ್ನು ತಮ್ಮನಿಗೆ ಒಪ್ಪಿಸಿ ಆಸ್ಪತ್ರೆಯ ಬೆಂಚಿನ ಮೇಲೆ ಕಾಲು ನೀಡಿ ಕೂತ. ನಾನು ದಿನ ಬಿಟ್ಟು ದಿನ ಹೋಗಿ ಅವನೊಂದಿಗೆ ಚೌಕಾಬಾರ ಆಡುತ್ತಿದ್ದೆ. ಆಟದಲ್ಲಿ ಮಹಾ ಕಳ್ಳ.

ಎರಡು ತಿಂಗಳಾದ ಮೇಲೆ ಮೊದಲ ಗುರುತು ಕಂಡಿತು. "ನಮಸ್ಕಾರ, ಸಿಸ್ಟರ್ ಸರ್ವ... ಸರ್ವ..." ಎಂದು ಬಾಗಿಲಲ್ಲಿ ತಡವರಿಸಿದ. ಸಿಸ್ಟರ್ ಖುಷಿಯಿಂದ ನನ್ನತ್ತ ತಿರುಗಿ ಬೆರಳಲ್ಲಿ ಅಳತೆ ತೋರಿಸಿದರು, ಅರ್ಧ ಇಂಚು ತುಂಬಿದೆ ಎಂದು. ಆಮೇಲಾಮೇಲೆ ಬರೀ "ಸಿಸ್ಟರ್" ಆದರು. ಒಂದು ದಿನ ಇನ್ನೊಬ್ಬ ನರ್ಸನ್ನು ಇವರೆಂದು ತಿಳಿದು ಅವರ ಮುಂದೆ ಕಾಲು ಚಾಚಿದ. ಡಾಕ್ಟರು ಸಲಾಕೆ ಹಾಕಿ ಆಳ ನೋಡುತ್ತಿದ್ದರು, ಸಿಸ್ಟರ್ ಅದಕ್ಕೂ ಮೊದಲೇ ಅವನ ಕಣ್ಣು ನೋಡಿ ಲೆಕ್ಕ ಹೇಳುತ್ತಿದ್ದರು. ತನಗೆ ಏನಾಗುತ್ತಿದೆ ಎಂದು ತಿಪ್ಪೇಶಪ್ಪನಿಗೂ ಗೊತ್ತಿತ್ತು.

ಕೊನೆಯ ವಾರ ಇರಬೇಕು. ಗಾಯ ಕಡ್ಡಿಯ ತಲೆಯಷ್ಟು ಉಳಿದಿತ್ತು. ಪಟ್ಟಿ ಬಿಚ್ಚುತ್ತಿದ್ದಾಗ ತಿಪ್ಪೇಶಪ್ಪ ಬಗ್ಗಿದ ಆ ಬೈತಲೆಯನ್ನೇ ನೋಡುತ್ತಾ ಮೆಲ್ಲಗೆ ಕೇಳಿದ. "ಸಿಸ್ಟರ್, ಇಷ್ಟು ಹಂಗೇ ಬಿಟ್ಟುಬಿಡ್ರಿ. ಕಡ್ಡಿ ತಲೆ ಅಷ್ಟು. ಏನೂ ಆಗಲ್ಲ. ನಿಮ್ಮ ನೆನಪಿಗೆ ಇರ್ಲಿ."

"ನೆನಪಿಗೆ ಕಾಲು ಕೊಡ್ತೀರಾ?" ಎಂದು ಸಿಸ್ಟರ್ ಗದರಿದರು.

"ಎರಡು ಸಲ ಉಳಿಸಿದ್ರಿ. ನಾಳೆ ರಸ್ತೆಯಾಗೆ ಕಂಡ್ರೆ ಯಾರೋ ಅಂತ ಮುಖ ತಿರುಗಿಸ್ಕಂಡು ಹೋದ್ರೆ ನಾನು ಮನುಷ್ಯ ಅನ್ನಿಸ್ಕಂತೀನಾ?"

ಸಿಸ್ಟರ್ ತಲೆ ಎತ್ತಲಿಲ್ಲ. ಅವರ ಕಣ್ಣು ತುಂಬಿದ್ದು ಪಕ್ಕದಲ್ಲಿ ಕೂತ ನನಗೆ ಕಂಡಿತು. "ಮುಖ ತಿರುಗಿಸ್ಕಂಡು ಹೋಗ್ರಿ" ಎಂದರು. "ಎರಡೂ ಕಾಲಾಗೆ ಸರಿಯಾಗಿ ನಡ್ಕೊಂಡು ಹೋಗ್ರಿ. ನಂಗೆ ಅಷ್ಟು ಸಾಕು." ಆ ಕಡ್ಡಿ ತಲೆಯಷ್ಟು ಗಾಯವನ್ನು ಬೇರೆ ದಿನಗಳಿಗಿಂತ ಹೆಚ್ಚು ಹೊತ್ತು ತೊಳೆದು, ಹೊಸ ಪಟ್ಟಿ ಕಟ್ಟಿ, ಗಂಟಿನ ತುದಿಯನ್ನು ಒಳಗೆ ಸಿಕ್ಕಿಸಿದರು.

ಮರುವರ್ಷ ಸಿಸ್ಟರ್‌ಗೆ ಕೊನೆಯ ಅವಕಾಶ. ಹೊಸ ಪಟ್ಟಿಯ ನಲವತ್ತು ಹೆಸರಿನಲ್ಲಿ ತಿಪ್ಪೇಶಪ್ಪನದೂ ಬಂತು. ಈ ಸಲ ನಾನು ಅವನ ಬಳಿಗೇ ಮೊದಲು ಹೋದೆ, ತಡೆಯಲಾಗಲಿಲ್ಲ. ನನ್ನನ್ನು ಕಂಡು "ಬರ್ರಿ ಕರಿಬಸಪ್ಪ, ಚೌಕಾಬಾರ ಹಾಕೋಣೇನು?" ಎಂದ. ಬೈತಲೆಯ ಫೋಟೋ ಕೊಟ್ಟೆ. ನೋಡಿದ. ಬೆಳಕಿಗೆ ಹಿಡಿದು ನೋಡಿದ. ಮಚ್ಚೆಯ ಮೇಲೆ ಹಿಟ್ಟಿನ ಬೆರಳಿಟ್ಟು, ಕೊಳೆಯೇನೋ ಎಂದು ಉಜ್ಜಿ ನೋಡಿದ. "ಯಾರ್ರೀ ಇವ್ರು? ನಿಮ್ಮ ಕಡೆ ನೆಂಟ್ರಾ?" ಎಂದ. ನನಗೆ ಎದ್ದು ಕುಣಿಯಬೇಕೆನ್ನಿಸಿತು, ಎರಡು ಹನಿ ಅಳಬೇಕೆಂದೂ ಅನ್ನಿಸಿತು. ಆಸ್ಪತ್ರೆಗೆ ಹೋಗಿ ಹೇಳಿದಾಗ ಸಿಸ್ಟರ್ ಮೊದಲು ಕೇಳಿದ್ದು, "ಕಾಲಿಗೆ ಮೆತ್ತನೆ ಚಪ್ಪಲಿ ಹಾಕಿದ್ರಾ?" ಎಂದು. ಹಾಕಿದ್ದ ಎಂದೆ. "ಸರಿ ಹಂಗಾದ್ರೆ" ಎಂದು ಸೀರೆಯ ಸೆರಗಿನಲ್ಲಿ ಮೂಗು ಒರೆಸಿಕೊಂಡು, ನಕ್ಕು, ಮುಂದಿನ ರೋಗಿಯನ್ನು ಕರೆದರು.

ಉಳಿದ ಮೂವತ್ತೊಂಬತ್ತು ಜನರೂ ಗೊತ್ತಿಲ್ಲ ಎಂದರು. ಪುರಸಭೆಯ ಸಭಾಂಗಣದಲ್ಲಿ ಸಿಸ್ಟರ್‌ಗೆ ಶಾಲು ಹೊದಿಸಿ ಬೆಳ್ಳಿ ಕತ್ತರಿ ಕೊಟ್ಟರು. ಅವರು ವಾಸಿ ಮಾಡಿದ ಜನ ಸಭಾಂಗಣದ ತುಂಬ ಕೂತು, ಯಾರೋ ಒಳ್ಳೆಯ ಹೆಂಗಸಿಗೆ ಏನೋ ಕೊಡುತ್ತಿದ್ದಾರೆ ಎಂದು ಮನಸಾರೆ ಚಪ್ಪಾಳೆ ತಟ್ಟಿದರು. ಗಂಡ ಹೊಸ ಶರಟು ಹಾಕಿಕೊಂಡು ಎಲ್ಲರಿಗಿಂತ ಜೋರಾಗಿ ತಟ್ಟಿದ. ಕೇಸರಿಬಾತನ್ನು ನಾನು ಎರಡು ಸಲ ಹಾಕಿಸಿಕೊಂಡೆ.

ಅದಾದ ಮೂರನೆಯ ದಿನ ಸಿಸ್ಟರ್ ನಮ್ಮ ಮನೆಗೆ ಬಂದರು, ಕಂಕುಳಲ್ಲಿ ರಾಗಿಯ ಡಬ್ಬಿ. "ಅಣ್ಣ, ಗಿರಣಿಗೆ ಹೋಗ್ಬೇಕು. ಒಬ್ಳೇ ಹೋಗೋಕೆ ಏನೋ ಒಂಥರಾ. ಜೊತೆಗೆ ಬರ್ರಿ" ಎಂದರು. ಡಬ್ಬಿಯನ್ನು ನಾನು ಹಿಡಿದೆ. ಗಿರಣಿಯಲ್ಲಿ ಎಂಟು ಹತ್ತು ಡಬ್ಬಿ ಸರತಿಯಲ್ಲಿದ್ದವು. ತಿಪ್ಪೇಶಪ್ಪ ಎರಡೂ ಕಾಲಿನ ಮೇಲೆ ಗಟ್ಟಿಯಾಗಿ ನಿಂತು ಬೆಲ್ಟಿಗೆ ಎಣ್ಣೆ ಬಿಡುತ್ತಿದ್ದ. ಸಿಸ್ಟರ್ ಮೊದಲು ನೋಡಿದ್ದು ಆ ಕಾಲನ್ನೇ. ಆಮೇಲೆ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಸಾಲಿನ ಕೊನೆಯಲ್ಲಿಡಲು ಅವನ ಎದುರಿಗೇ ಬಗ್ಗಿದರು. ಬೈತಲೆ, ಕಿವಿ, ಮಚ್ಚೆ ಎಲ್ಲ ಅವನ ಕಣ್ಣ ಕೆಳಗೇ ಇದ್ದವು.

"ಹೊಸಬ್ರೇನವ್ವಾ? ಈ ಕಡೆ ನೋಡಿಲ್ಲ ನಿಮ್ಮನ್ನ" ಎಂದ ತಿಪ್ಪೇಶಪ್ಪ.

"ಹೌದ್ರಿ, ಹೊಸಬಳೇ" ಎಂದರು ಸಿಸ್ಟರ್. "ಇನ್ನು ಮೇಲೆ ಇಲ್ಲಿಗೇ ಬರ್ತೀನಿ. ನನ್ನ ಹೆಸರು ಸರ್ವಮಂಗಳ."

"ಹೌದಾ!" ತಿಪ್ಪೇಶಪ್ಪನಿಗೆ ಆಶ್ಚರ್ಯವೋ ಆಶ್ಚರ್ಯ. ಗೋಡೆಯ ಕಡೆ ಕೈ ತೋರಿಸಿದ. ಹಿಟ್ಟಿನ ಧೂಳು ಕೂತು ಮಂಕಾಗಿದ್ದರೂ ಕೆಂಪಕ್ಷರ ಓದುವಂತಿತ್ತು. "ನೋಡ್ರಿ, ನಿಮ್ಮ ಹೆಸರಿನೋರೇ ಒಬ್ರು ನಮ್ಮ ಗೋಡೆ ಮ್ಯಾಲೆ ಅದಾರೆ. ನನ್ನ ಕಾಲು ಉಳಿಸಿದೋರಂತೆ. ಮುಖ ನೆನಪಿಲ್ಲ, ಆದ್ರೆ ಭಾಳ ದೊಡ್ಡ ಮನಸ್ಸಿನೋರು ಇರ್ಬೇಕು. ಇಲ್ದಿದ್ರೆ ನಾನು ಪೇಂಟರಿಗೆ ದುಡ್ಡು ಕೊಡೋ ಗಿರಾಕಿ ಅಲ್ಲ." ನಕ್ಕ. ಸಿಸ್ಟರ್‌ ಕೂಡ ನಕ್ಕರು. ಆಮೇಲೆ ಅವನು ಸಾಲಿನ ಕೊನೆಯಿಂದ ಅವರ ಡಬ್ಬಿ ಎತ್ತಿ ಎಲ್ಲಕ್ಕಿಂತ ಮುಂದಿಟ್ಟ. ಸಾಲಿನಲ್ಲಿದ್ದ ಹೆಂಗಸರು ಗೊಣಗಿದರು, ಅವನು ಕೇಳಿಸಿಕೊಳ್ಳಲಿಲ್ಲ. ಶರಟಿನ ಜೇಬಿಗೆ ಕೈ ಹಾಕಿ ಹಿಟ್ಟು ಮೆತ್ತಿದ ಒಂದು ನಿಂಬೆಹಣ್ಣು ತೆಗೆದು, ಪಂಚೆಗೆ ಒರೆಸಿ, ಎರಡೂ ಕೈಯಲ್ಲಿ ಮುಂದೆ ಚಾಚಿದ.

"ತಗೋರಿ ತಾಯಿ, ನೀವೇ ಇರಬಹುದು."

ಸಿಸ್ಟರ್ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

"ಇರಬಹುದು" ಎಂದರು.